ಸುಣ್ಣದ ದುಗ್ಗನ ಹಿತ್ತಿಲ ಚೆಂಡುಹೂ

ಬಹಳ ಹಿಂದೆ, ಬೇಸಿಗೆಗೂ ಒಂದು ಹೊಸ್ತಿಲಿದ್ದ ಕಾಲದಲ್ಲಿ, ಹೂಗೆರೆ ಅಂತ ಒಂದು ರಾಜ್ಯವಿತ್ತು. ನಡುವೆ ಕೆರೆ. ಕೆರೆಯ ಸುತ್ತ ಮನೆಗಳು. ಮನೆಗಳ ಹಿಂದೆ ಹಿತ್ತಿಲು. ಹಿತ್ತಿಲಿಲ್ಲದ ಮನೆ ಅಲ್ಲಿ ಇರಲಿಲ್ಲ. ಹೂವಿಲ್ಲದ ಹಿತ್ತಿಲೂ ಇರಲಿಲ್ಲ.

ಆ ರಾಜ್ಯದಲ್ಲಿ ಸತ್ತವರು ಕೂಡಲೇ ಹೋಗುತ್ತಿರಲಿಲ್ಲ. ನೆರಳಾಗಿ ಬಂದು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂರುತ್ತಿದ್ದರು. ಊಟವಿಲ್ಲ, ಮಾತಿಲ್ಲ. ಹಿತ್ತಿಲು ನೋಡುತ್ತ ಸುಮ್ಮನೆ ಕೂರುವುದು. ಮನೆಯವರು ಸತ್ತವರಿಗೆ ಇಷ್ಟವಾದ ಹೂವಿನ ಬೀಜ ಬಿತ್ತಬೇಕು. ಕಡೆಬೇಸಿಗೆಯಲ್ಲಿ ಅದು ಅರಳಬೇಕು. ಮೊದಲ ಹೂವನ್ನು ಕೆರೆಗೆ ಬಿಡಬೇಕು. ಹೂ ತೇಲಿ ಆಚೆ ದಡ ಮುಟ್ಟಿದರೆ ನೆರಳು ಎದ್ದು ಅದರ ಹಿಂದೆ ಹೋಗುತ್ತಿತ್ತು. ಎಲ್ಲರ ಮನೆಯ ಹೂವೂ ದಡ ಮುಟ್ಟಿದ ಮೇಲೆ ಮೊದಲ ಮಳೆ ಬರುತ್ತಿತ್ತು. ಬೇಸಿಗೆ ಹೊಸ್ತಿಲು ದಾಟಿತು ಅನ್ನುತ್ತಿದ್ದರು. ಅಳುವವರು ಅಳು ಮುಗಿಸಿ ಕಂಬಳಿ ಹುಡುಕುತ್ತಿದ್ದರು.

ಆ ಊರಲ್ಲಿ ದುಗ್ಗ ಅಂತ ಒಬ್ಬ ಸುಣ್ಣ ಸುಡುವವನಿದ್ದ. ಕೆರೆಯಂಚಿನ ಕಪ್ಪೆಚಿಪ್ಪು ಆರಿಸಿ, ಗೂಡಿನಲ್ಲಿ ಸುಟ್ಟು, ಸುಣ್ಣ ಮಾಡಿ ಮಾರುತ್ತಿದ್ದ. ಅವನ ಕೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. "ದುಗ್ಗ ಮುಟ್ಟಿದರೆ ಎಕ್ಕದ ಗಿಡವೂ ಒಣಗುತ್ತೆ" ಅಂತ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

ಅವನ ಹೆಂಡತಿ ಸಾಂತವ್ವನ ಕೈಗುಣವೇ ಬೇರೆ. ಅವಳು ಕಸ ಗುಡಿಸಿ ಎಸೆದ ಕಡೆಯೂ ಹೂ ಏಳುತ್ತಿತ್ತು. ಬೇಸಿಗೆಯ ಬಿಸಿಲಲ್ಲಿ ಬೇರೆಯವರ ಹಿತ್ತಿಲು ಬೆಂದು ಕೂತಿದ್ದಾಗ ಅವಳ ಚೆಂಡುಹೂ ಗಿಡ ಮೈತುಂಬ ಅರಳುತ್ತಿತ್ತು. ಗಿಡ ಮೊಣಕಾಲುದ್ದ ಬಂದಾಗ ಅವಳು ಕುಕ್ಕರಗಾಲಲ್ಲಿ ಕೂತು ತುದಿಯ ಕುಡಿಗಳನ್ನು ಚಿವುಟಿ ಹಾಕುತ್ತಿದ್ದಳು.

"ಅಯ್ಯೋ, ಚೆನ್ನಾಗಿರೋ ಕುಡೀನ ಯಾಕೆ ಕೀಳ್ತೀಯೇ?" ಅಂತ ದುಗ್ಗ ಕೇಳುತ್ತಿದ್ದ.

"ಚಿವುಟಿದ್ರೆ ಕೂಸು ಅಳುತ್ತೆ, ಗಿಡ ನಗುತ್ತೆ. ನೀವು ಅಲ್ಲೇ ನಿಂತ್ಕೊಳ್ಳಿ. ಸುಣ್ಣದ ಕೈಯಲ್ಲಿ ನನ್ನ ಗಿಡ ಮುಟ್ಟಬೇಡಿ."

ಸಂಜೆಯಾದರೆ ಇಬ್ಬರೂ ಹಿತ್ತಿಲ ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅವಳು ಅವನ ಸೊಂಟದ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದುಕೊಳ್ಳುತ್ತಿದ್ದಳು. ಕೇಳಿ ತೆಗೆದುಕೊಂಡದ್ದೇ ಇಲ್ಲ.

ಒಂದು ಚಳಿಗಾಲದಲ್ಲಿ ಸಾಂತವ್ವನಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ತಲೆದಿಂಬಿನ ಕೆಳಗಿಂದ ಒಂದು ಬಟ್ಟೆಗಂಟು ತೆಗೆದು ಗಂಡನ ಕೈಗಿಟ್ಟಳು. ಒಳಗೆ ಒಣಗಿದ ಚೆಂಡುಹೂ.

"ಇದನ್ನ ಬಿತ್ತಿ. ಅರಳಿದ ಕೂಡಲೇ ಬಿಟ್ಟುಬಿಡಿ. ನನ್ನ ಹೊಸ್ತಿಲ ಮೇಲೆ ಕೂರಿಸ್ಕೊಂಡು ಇರಬೇಡಿ."

"ನನ್ನ ಕೈಗೆ ಏನೂ ಹತ್ತಲ್ಲ, ಸಾಂತ."

"ಹತ್ತುತ್ತೆ" ಅಂದಳು. ಮಾರನೆಯ ದಿನ ಅವಳು ಇರಲಿಲ್ಲ. ಸಂಜೆ ಹೊತ್ತಿಗೆ ಹಿತ್ತಿಲ ಹೊಸ್ತಿಲ ಮೇಲೆ ಕೂತಿದ್ದಳು.

ದುಗ್ಗ ಕೈಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಬೀಜ ಬಿತ್ತಿದ.

ಅದೇ ಚಳಿಗಾಲದಲ್ಲಿ ಅರಮನೆಯಲ್ಲಿ ರಾಣಿ ಹೊನ್ನಲೆಯೂ ತೀರಿಕೊಂಡಳು. ಅರಸ ಚೆಂಗರಸ ಅವಳಿಗಾಗಿ ಕನಕಾಂಬರ ಬಿತ್ತಿದ. ಬಿತ್ತಿದವನು ಹೆದರಿದ. ಇದು ಅರಳಿದರೆ ಅವಳು ಹೋಗುತ್ತಾಳಲ್ಲ ಅಂತ ಹೆದರಿದ. ಊಟ ಬಿಟ್ಟ. ಸಭೆ ಬಿಟ್ಟ. ಹೊಸ್ತಿಲ ಪಕ್ಕದಲ್ಲೇ ಚಾಪೆ ಹಾಕಿಸಿಕೊಂಡ.

ಆಗ ಬೂದಿಗಣ್ಣ ಎಂಬ ಮಾಟಗಾರ ಅರಮನೆಗೆ ಬಂದ. ಅವನ ಕಣ್ಣಲ್ಲಿ ಕರಿಯೂ ಇರಲಿಲ್ಲ, ಬಿಳಿಯೂ ಇರಲಿಲ್ಲ. ತಣ್ಣಗಾದ ಒಲೆಯ ಹಾಗೆ ಬರೀ ಬೂದಿ. ಮಾತು ಮಾತ್ರ ಬೆಣ್ಣೆ.

"ಹೂ ಅರಳದಿದ್ದರೆ ರಾಣಿ ಹೋಗೋದಿಲ್ಲ, ಮಹಾಪ್ರಭು. ಅರಳದ ಹಾಗೆ ನಾನು ಮಾಡ್ತೀನಿ."

"ಮಾಡು" ಅಂದ ಅರಸ.

"ಅರಮನೆ ಹಿತ್ತಿಲಿಗೆ ಮಾತ್ರ ಮಾಡೋಕಾಗಲ್ಲ. ಮಾಡಿದರೆ ರಾಜ್ಯಕ್ಕೆಲ್ಲ ಆಗುತ್ತೆ."

ಅರಸ ಹೊಸ್ತಿಲ ಕಡೆ ನೋಡಿದ. ಕಣ್ಣು ಮುಚ್ಚಿಕೊಂಡು ಹೂಂ ಅಂದ.

ಆ ವರ್ಷ ಬೇಸಿಗೆ ಬಂತು. ಹೋಗಲಿಲ್ಲ. ಊರ ಹಿತ್ತಿಲುಗಳಲ್ಲಿ ಗಿಡ ಮೊಗ್ಗು ಬಿಟ್ಟಿತು. ಮೊಗ್ಗು ಹುಣಸೆಬೀಜದ ಹಾಗೆ ಗಟ್ಟಿಯಾಗಿ ಕೂತವು, ಬಿಚ್ಚಲಿಲ್ಲ. ನೆರಳುಗಳು ಕಾದವು. ಕಾದು ಕಾದು ಮಾಸತೊಡಗಿದವು. ಮೊದಲು ಪಾದ ಅಳಿಸಿತು. ಆಮೇಲೆ ಮೊಣಕಾಲು. ಅತ್ತ ಬೂದಿಗಣ್ಣನ ನರೆತ ಕೂದಲು ದಿನದಿನಕ್ಕೂ ಕಪ್ಪಾಗುತ್ತಿತ್ತು.

ದುಗ್ಗನ ಮನೆಯಲ್ಲಿ ಅವನ ಅತ್ತೆ ಪುಟ್ಟೀರವ್ವ ಇದ್ದಳು. ಸಾಂತವ್ವನ ತಾಯಿ. ಮಗಳಿಗೆ ಹೂವಿನ ಕೆಲಸ ಕಲಿಸಿದವಳೇ ಅವಳು. ಮಗಳು ಹೋದ ಮೇಲೆ ಅವಳು ಹಿತ್ತಿಲಿಗೆ ಇಳಿದಿರಲಿಲ್ಲ. ದುಗ್ಗನೇ ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಹುಯ್ಯುತ್ತಿದ್ದ. ಬುಟ್ಟಿಗಟ್ಟಲೆ ಗೊಬ್ಬರ ಹಾಕುತ್ತಿದ್ದ. ಒಂದು ಕುಡಿಯನ್ನೂ ಚಿವುಟಲಿಲ್ಲ. ಹೆಂಡತಿ ಕೊಟ್ಟ ಬೀಜದ ಗಿಡವನ್ನು ಮುರಿಯಲು ಅವನಿಗೆ ಕೈ ಬರಲಿಲ್ಲ. ಗಿಡ ಎದೆಯುದ್ದ ಬೆಳೆದು ಕತ್ತಲೆ ಹಸಿರಾಯಿತು.

ಬೇಲಿಯಾಚೆಯಿಂದ ನೆರೆಮನೆಯ ಚಿಕ್ಕಣ್ಣ ಇಣುಕಿ ನೋಡಿದ. "ಬಲು ಸೊಂಪಾಗಿದೆ ಕಣೋ ದುಗ್ಗ. ಮೊಗ್ಗೆಲ್ಲಿ?"

"ಬರುತ್ತೆ."

"ಎಮ್ಮೆಗೆ ಮೇವು ಬೆಳೀತಿದೀಯಾ ಅಂತ ಕೇಳ್ದೆ."

ದುಗ್ಗ ನಗಲಿಲ್ಲ. ಆ ವರ್ಷ ಅವನಿಗೆ ನಗು ಮರೆತಿತ್ತು.

ಸಾಂತವ್ವನ ನೆರಳು ದಿನವೂ ಸಂಜೆ ಗಿಡದ ಕಡೆ ಕೈಚಾಚಿ, ಹೆಬ್ಬೆರಳು ತೋರುಬೆರಳು ಜೋಡಿಸಿ ಆಡಿಸುತ್ತಿತ್ತು. ಎಲೆಗೆ ಸುಣ್ಣ ಕೇಳುತ್ತಿದ್ದಾಳೆ ಅಂದುಕೊಂಡ ದುಗ್ಗ. ಸುಣ್ಣದವನಿಗೆ ಮತ್ತೇನು ತೋಚೀತು? ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಅವಳ ಪಕ್ಕದಲ್ಲಿ ಇಡುತ್ತಿದ್ದ. ಬೆಳಗ್ಗೆ ಎಲೆ ಬಾಡಿ ಅಲ್ಲೇ ಇರುತ್ತಿತ್ತು. ಪುಟ್ಟೀರವ್ವ ಅದನ್ನು ನೋಡುತ್ತಿದ್ದಳು. ನೋಡಿ ಮುಖ ತಿರುಗಿಸುತ್ತಿದ್ದಳು.

ಒಂದು ಸಂಜೆ ನೆರಳಿನ ಕೈ ಮಣಿಕಟ್ಟಿನ ತನಕ ಮಾಸಿತ್ತು. ದುಗ್ಗ ಎದ್ದು ನಿಂತ.

"ಅತ್ತೆ, ಹೂ ಯಾಕೆ ಅರಳ್ತಿಲ್ಲ? ಹೀಗೇ ಬಿಟ್ರೆ ಮುಖವೂ ಅಳಿಸಿಹೋಗುತ್ತೆ."

"ಮುಖ ಹೋದ್ರೆ ಅವಳು ಆಚೆ ದಡಕ್ಕೂ ಇಲ್ಲ, ಈಚೆ ದಡಕ್ಕೂ ಇಲ್ಲ. ಆ ಬೂದಿಗಣ್ಣನ ಕಣ್ಣಿನ ಬೂದಿ ಆಗ್ತಾಳೆ." ಮುದುಕಿ ಸೆರಗಲ್ಲಿ ಮೂಗು ಒರೆಸಿಕೊಂಡಳು. "ಕಡೆಬೇಸಿಗೆ ಹೂವಿಗೆ ಮೂರು ಬೇಕು ಕಣಪ್ಪ. ಮೊಗ್ಗು ಸಡಿಲವಾಗೋಕೆ ಸಂಜೆಗಾಳಿ. ಬಿಚ್ಚೋಕೆ ಮುಂಜಾನೆ ಇಬ್ಬನಿ. ಬಿಚ್ಚಿದ್ದು ನಿಲ್ಲೋಕೆ ಜೇನ್ನೊಣ. ಮೂರೂ ಕಂಡು ಎಷ್ಟು ಕಾಲವಾಯ್ತು ನೋಡು. ಮೂರನ್ನೂ ಅವನು ಕರೇಬೆಟ್ಟದ ದಾರೀಲಿ ಮೂರು ಪ್ರಾಣಿಗಳ ಕಾವಲಲ್ಲಿ ಬಚ್ಚಿಟ್ಟಿದಾನಂತೆ."

"ಹೋಗಿ ತರ್ತೀನಿ."

"ಏನು ಹಿಡ್ಕೊಂಡು ಹೋಗ್ತೀಯ? ಕತ್ತಿ ಇದೆಯಾ?"

"ಸುಣ್ಣ ಇದೆ."

"ಮಾಟಗಾರನ ಗೋಡೆಗೆ ಸುಣ್ಣ ಬಳಿಯೋಕೆ ಹೊರಟಿದೀಯೇನು?" ಅಂದಳು ಪುಟ್ಟೀರವ್ವ. ಆದರೂ ರೊಟ್ಟಿ ಕಟ್ಟಿಕೊಟ್ಟಳು.

ದುಗ್ಗ ಚೀಲದಲ್ಲಿ ಒಂದು ಒರಟು ಸುಣ್ಣಕಲ್ಲು, ಒಂದಿಷ್ಟು ಕಪ್ಪೆಚಿಪ್ಪು ಹಾಕಿಕೊಂಡ. ಸೊಂಟದಲ್ಲಿ ಡಬ್ಬಿ ಇದ್ದೇ ಇತ್ತು. ಗಿಡಕ್ಕೆ ಎರಡು ಕೊಡ ನೀರು ಹೆಚ್ಚಿಗೆ ಹುಯ್ದು ಹೊರಟ.

ನಡೆದ, ನಡೆದ. ಬೆಟ್ಟದ ಬುಡದಲ್ಲಿ ಒಂದು ಹುತ್ತ. ಹುತ್ತದ ಮೇಲೆ ಒಂದು ಹಾವು. ಹಾವಿಗೆ ಗಾಳಿಯೇ ಊಟ ಅಂತ ಹಿರಿಯರು ಹೇಳುತ್ತಾರೆ. ಈ ಹಾವು ರಾಜ್ಯದ ಸಂಜೆಗಾಳಿಯನ್ನೆಲ್ಲ ನುಂಗಿ ಗುಡಾಣದ ಹಾಗೆ ಊದಿತ್ತು.

"ಯಾರದು?" ಅಂತು ಹಾವು.

"ಸುಣ್ಣದ ದುಗ್ಗ. ಸಂಜೆಗಾಳಿ ಬೇಕಿತ್ತು."

"ಕೊಟ್ಟರೆ ಬೂದಿಗಣ್ಣ ನನ್ನ ಸುಡ್ತಾನೆ. ಕೊಡದಿದ್ರೆ ನಾನು ನಿನ್ನ ಕಚ್ಚಬೇಕು. ಎಲ್ಲಿದೀಯ ಹೇಳು, ಕಣ್ಣು ಕಾಣಲ್ಲ."

ದುಗ್ಗ ಬಗ್ಗಿ ನೋಡಿದ. ಹಾವಿನ ಹಳೆಯ ಪೊರೆ ಬಿಟ್ಟಿರಲಿಲ್ಲ. ಕಣ್ಣಿನ ಮೇಲೆ ಮಂಜು ಕಟ್ಟಿದ ಹಾಗೆ ಅಂಟಿಕೊಂಡಿತ್ತು.

"ಪೊರೆ ಯಾಕೆ ಬಿಟ್ಟಿಲ್ಲ?"

"ಅವನು ಮಂತ್ರ ಹಾಕಿದ ದಿನದಿಂದ ಈ ರಾಜ್ಯದಲ್ಲಿ ಯಾವುದೂ ಯಾವುದನ್ನೂ ಬಿಡ್ತಿಲ್ಲ. ಮೈಯೆಲ್ಲ ಬಿಗೀತಿದೆ ಕಣಯ್ಯ. ಕಾವಲು ಕಾದರೆ ಬಿಡಿಸ್ತೀನಿ ಅಂದಿದಾನೆ. ಇವತ್ತು ಅಂತಾನೆ, ನಾಳೆ ಅಂತಾನೆ."

"ನಾನು ಸುಣ್ಣದವ. ನನಗೆ ಬರೋದು ಇಷ್ಟೇ" ಅಂತ ದುಗ್ಗ ಸುಣ್ಣಕಲ್ಲು ತೆಗೆದ. ಹಾವಿನ ಮೂತಿಗೆ ಮೆಲ್ಲಗೆ ಉಜ್ಜಿದ. ಪೊರೆ ತುಟಿಯ ಹತ್ತಿರ ಹರಿಯಿತು. ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಾವು ಅದಕ್ಕೆ ಮೈ ಉಜ್ಜುತ್ತ ಉಜ್ಜುತ್ತ ಹೊರಗೆ ಬಂತು. ಹಿಂದೆ ಪೊರೆ ಒದ್ದೆ ಪಂಚೆಯ ಹಾಗೆ ಬಿದ್ದಿತ್ತು.

ಹಾವು ಒಂದು ಉಸಿರು ಬಿಟ್ಟಿತು. ಎಂಥ ಉಸಿರು! ರಾಜ್ಯದ ಸಂಜೆಗಾಳಿಯೆಲ್ಲ ಅದರ ಬಾಯಿಂದ ಹೊರಟು ಬೆಟ್ಟ ಇಳಿದು ಊರ ಕಡೆ ಹೋಯಿತು. ದುಗ್ಗನ ತಲೆಯ ರುಮಾಲೂ ಅದರ ಜೊತೆ ಹೋಯಿತು.

"ಬಿಟ್ಟ ಮೇಲೆ ಗೊತ್ತಾಗೋದು, ಎಷ್ಟು ಭಾರ ಹೊತ್ತಿದ್ದೆ ಅಂತ" ಅಂದು ಹಾವು ಹುಲ್ಲಿನಲ್ಲಿ ಮರೆಯಾಯಿತು.

ಮತ್ತೆ ನಡೆದ, ನಡೆದ. ಬೆಟ್ಟದ ನಡುವೆ ಒಂದು ಒಣ ಮರ. ಅದರ ಮೇಲೆ ಮನೆಯಷ್ಟು ದೊಡ್ಡ ಕೊಕ್ಕರೆ. ಬೆಳಗಾಗುವ ಮೊದಲೇ ರಾಜ್ಯದ ಇಬ್ಬನಿಯನ್ನೆಲ್ಲ ರೆಕ್ಕೆಯಲ್ಲಿ ಒರೆಸಿ ತಂದು ಗರಿಗಳ ನಡುವೆ ಇಟ್ಟುಕೊಳ್ಳುತ್ತಿತ್ತು.

"ಹತ್ತಿರ ಬಂದ್ರೆ ಕಣ್ಣು ಕುಕ್ಕಿಬಿಡ್ತೀನಿ!" ಅಂತ ಕೂಗಿತು. "ಮೊದಲೇ ಮೈ ಸರಿ ಇಲ್ಲ ನಂಗೆ!"

"ಏನಾಗಿದೆ ತಾಯಿ?"

ತಾಯಿ ಅಂದದ್ದಕ್ಕೆ ಕೊಕ್ಕರೆಯ ದನಿ ಇಳಿಯಿತು. "ಮೊಟ್ಟೆ ಇಡೋಕಾಗ್ತಿಲ್ಲಪ್ಪ. ಇಟ್ಟರೂ ಚಿಪ್ಪೇ ಇರಲ್ಲ, ಬರೀ ತೊಗಲು. ಒಡೆದೇ ಹೋಗುತ್ತೆ. ಕಾವಲು ಕಾದರೆ ಸರಿ ಮಾಡ್ತೀನಿ ಅಂದಿದಾನೆ ಅವನು."

"ನಾನು ಸುಣ್ಣದವ. ನನಗೆ ಬರೋದು ಇಷ್ಟೇ. ನಮ್ಮನೆ ಕೋಳಿ ತೊಗಲುಮೊಟ್ಟೆ ಇಟ್ಟಾಗ ನನ್ನ ಹೆಂಡತಿ ಕಪ್ಪೆಚಿಪ್ಪು ಕುಟ್ಟಿ ಹಾಕ್ತಿದ್ಲು" ಅಂದ ದುಗ್ಗ. ಚಿಪ್ಪುಗಳನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ಹರವಿದ. ಕೊಕ್ಕರೆ ಇಳಿದು ಬಂದು ಒಂದು ಚೂರೂ ಬಿಡದೆ ತಿಂದಿತು. ಗೂಡಿಗೆ ಹೋಗಿ ಕೂತಿತು. ಬಿಸಿಲು ಇಳಿಯುವ ಹೊತ್ತಿಗೆ ಟಣ್ ಅಂತ ಶಬ್ದ ಬಂತು. ಹಾಲಿನಂಥ ಮೊಟ್ಟೆ. ಕಲ್ಲಿನಂಥ ಚಿಪ್ಪು.

ಕೊಕ್ಕರೆ ಖುಷಿಗೆ ರೆಕ್ಕೆ ಕೊಡವಿತು. ಇಬ್ಬನಿಯೆಲ್ಲ ಮುತ್ತಿನ ಹಾಗೆ ಉದುರಿ, ಗಾಳಿ ಹಿಡಿದು, ಊರ ಕಡೆ ಹಾರಿತು.

"ಇಡೋ ತನಕ ಹೆದರಿಕೆ, ಇಟ್ಟ ಮೇಲೆ ಹಸಿವು" ಅಂತು ಕೊಕ್ಕರೆ. "ನಿನ್ನ ಹೆಂಡತಿ ಜಾಣೆ ಕಣಪ್ಪ. ಮನೇಲಿದಾಳಾ?"

"ಹೊಸ್ತಿಲ ಮೇಲೆ ಕೂತಿದಾಳೆ."

ಕೊಕ್ಕರೆಗೆ ಅರ್ಥವಾಯಿತು. "ಹಾಗಾದ್ರೆ ಇಲ್ಲಿ ಮಾತಾಡ್ತಾ ನಿಲ್ಲಬೇಡ, ಹೋಗು."

ಮತ್ತೆ ನಡೆದ, ನಡೆದ. ಬೆಟ್ಟದ ತುದಿಯಲ್ಲಿ ಒಂದು ಗವಿ. ಗವಿಯ ಬಾಯಿಗೆ ಅಡ್ಡಲಾಗಿ ಒಂದು ಕರಡಿ. ಗವಿಯೊಳಗೆ ರಾಜ್ಯದ ಜೇನ್ನೊಣಗಳೆಲ್ಲ ಗುಂಯ್ ಅನ್ನುತ್ತಿದ್ದವು. ಕರಡಿಯ ಮೂಗು ಗುಂಡು ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಮೂಗಿನ ತುಂಬ ಜೇನಿನ ಮುಳ್ಳು.

"ನಿನ್ನ ತಿನ್ನಬೇಕು ನಾನು" ಅಂತ ಮೂಗಿನಲ್ಲೇ ಅಂದಿತು ಕರಡಿ. "ಆದರೆ ವಾಸನೆ ಗೊತ್ತಾಗಲ್ಲ. ವಾಸನೆ ಇಲ್ಲದ ಊಟ ಊಟವೇ ಅಲ್ಲ."

"ಮುಳ್ಳು ತೆಗೆದುಬಿಡಬಾರದಾ?"

"ನನ್ನ ಉಗುರಿಗೆ ಸಿಗಲ್ಲ. ತಾನಾಗಿ ಬೀಳ್ತಿಲ್ಲ. ಕಾವಲು ಕಾದರೆ ತೆಗೀತೀನಿ ಅಂದಿದಾನೆ."

"ನಾನು ಸುಣ್ಣದವ. ನನಗೆ ಬರೋದು ಇಷ್ಟೇ" ಅಂತ ದುಗ್ಗ ಕರಡಿಯ ಮುಂದೆ ಕೂತ. ಹೆಬ್ಬೆರಳು ತೋರುಬೆರಳು ಜೋಡಿಸಿ ಒಂದೊಂದೇ ಮುಳ್ಳು ಚಿವುಟಿ ತೆಗೆದ. ಪ್ರತಿ ಮುಳ್ಳಿಗೂ ಕರಡಿ ಬೆಟ್ಟ ನಡುಗುವ ಹಾಗೆ ಕೂಗಿತು. ಎಲ್ಲ ತೆಗೆದ ಮೇಲೆ ಡಬ್ಬಿಯ ಸುಣ್ಣ ಹಚ್ಚಿದ. ಉರಿ ತಣ್ಣಗಾಯಿತು. ಊತ ಇಳಿಯಿತು. ಕರಿ ಕರಡಿ ಬಿಳಿ ಮೂಗಿನಲ್ಲಿ ಜೋರಾಗಿ ಉಸಿರೆಳೆದುಕೊಂಡಿತು.

"ಚಿವುಟಿದಾಗ ನಿನ್ನ ಕೊಂದುಬಿಡೋಣ ಅನ್ನಿಸ್ತು" ಅಂತು. "ಈಗ ಹಾಯಾಗಿದೆ." ಅಷ್ಟು ಹೇಳಿ ಪಕ್ಕಕ್ಕೆ ಸರಿದು ಮಲಗಿತು. ಜೇನ್ನೊಣಗಳು ಹೊಗೆಯ ಹಾಗೆ ಗವಿಯಿಂದ ಎದ್ದು ಊರ ಕಡೆ ಹೊರಟವು.

ದುಗ್ಗ ಊರಿಗೆ ಬಂದಾಗ ಊರು ಗುರುತೇ ಸಿಗದ ಹಾಗಿತ್ತು. ಹಿತ್ತಿಲು ಹಿತ್ತಿಲಲ್ಲೂ ಹೂ. ಒಂದು ಕಡೆ ಗೊರಟೆ, ಒಂದು ಕಡೆ ಕರ್ಣಕುಂಡಲ, ಒಂದು ಕಡೆ ಶಂಖಪುಷ್ಪ. ಅರಮನೆಯ ಕನಕಾಂಬರವೂ ಅರಳಿತ್ತು. ಊರವರ ನೆರಳುಗಳು ಒಂದೊಂದಾಗಿ ಎದ್ದು ಹೋಗುವುದನ್ನು ಅರಸ ಮಾಳಿಗೆಯಿಂದ ನೋಡಿದನಂತೆ. ಕೊನೆಗೆ ಕಿರೀಟ ತೆಗೆದಿಟ್ಟು, ಬರಿಗಾಲಲ್ಲಿ ನಡೆದು ಬಂದು ತಾನೂ ಹೂ ಬಿಟ್ಟನಂತೆ. ಬಿಟ್ಟವನು ದಡದಲ್ಲೇ ಕೂತಿದ್ದನಂತೆ. ಎದ್ದಿರಲಿಲ್ಲ.

ಆದರೆ ಮಳೆ ಬಂದಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಇತ್ತು.

ದುಗ್ಗ ಓಡೋಡಿ ಹಿತ್ತಿಲಿಗೆ ಬಂದ. ಅವನ ಚೆಂಡುಹೂ ಗಿಡ ತಲೆಯುದ್ದ ಬೆಳೆದಿತ್ತು. ಎಲೆ, ಎಲೆ, ಬರೀ ಎಲೆ. ಒಂದು ಮೊಗ್ಗಿಲ್ಲ. ಹೊಸ್ತಿಲ ಮೇಲೆ ಸಾಂತವ್ವನ ಮುಖ ಒಂದೇ ಉಳಿದಿತ್ತು. ಕೈ ಇರಲಿಲ್ಲ. ಭುಜವೂ ಇರಲಿಲ್ಲ.

ಜಗಲಿಯ ಮೇಲೆ ಬೂದಿಗಣ್ಣ ಕೂತಿದ್ದ. ಕೂದಲು ಮತ್ತೆ ನರೆತಿತ್ತು. ಮೈ ಕುಗ್ಗಿ ಕೂಸಿನಷ್ಟಾಗಿತ್ತು.

"ಬಾಪ್ಪ ದುಗ್ಗಪ್ಪ. ನನ್ನ ಮೂರೂ ಕಾವಲು ಬಿಡಿಸಿದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ."

"ನನ್ನ ಗಿಡದ ಮೇಲಿನ ಮಂತ್ರ ತೆಗಿ."

"ನಿನ್ನ ಗಿಡಕ್ಕೆ ಅಂತ ನಾನು ಬೇರೆ ಮಂತ್ರ ಹಾಕಿಲ್ಲ" ಅಂದ ಬೂದಿಗಣ್ಣ. "ಹಾಕೋ ಅಗತ್ಯ ಬೀಳಲಿಲ್ಲ. ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಬುಟ್ಟಿ ಬುಟ್ಟಿ ಗೊಬ್ಬರ. ಕೊಬ್ಬಿದ ಗಿಡ ಹೂ ಬಿಡುತ್ತಾ? ಅರಳದ ಹಾಗೆ ನೋಡಿಕೊಂಡವನು ನೀನೇ."

ದುಗ್ಗ ಗಿಡದ ಕಡೆ ತಿರುಗಿದ.

"ನನಗೆ ಒಂದು ನೆರಳು ಸಾಕು, ಬದುಕಿಕೊಳ್ತೀನಿ. ನೀನು ಹೀಗೇ ನೀರು ಹುಯ್ಯಿ. ನಾನು ಅವಳ ಮುಖ ಮುಟ್ಟೋದಿಲ್ಲ. ಒಂದೊಂದು ಸಂಜೆ ನಗೋ ಹಾಗೆ ಮಾಡ್ತೀನಿ. ಬೇಕಾದರೆ ಮಾತೂ ಕೊಡ್ತೀನಿ. ಸಂಜೆ ಸಂಜೆ ನಿನ್ನ ಹೆಸರು ಹಿಡಿದು ಕರೀತಾಳೆ."

"ಮಳೆ?"

"ಮಳೆ ಎಲ್ಲರ ಹೂವೂ ಹೋದ ಮೇಲೆ ತಾನೇ? ಕೆರೇಲಿ ಇನ್ನೂ ನೀರಿದೆ. ಅದರ ಯೋಚನೆ ಊರವರು ಮಾಡಲಿ. ನೀನು ಸುಣ್ಣದವ, ನಿನಗ್ಯಾಕೆ?"

ದುಗ್ಗ ಬಾವಿಗೆ ಹೋದ. ಕೊಡ ತುಂಬಿದ. ಹೆಗಲ ಮೇಲೆ ಇಟ್ಟುಕೊಂಡು ಗಿಡದ ಮುಂದೆ ಬಂದು ನಿಂತ. ಹೊಸ್ತಿಲ ಕಡೆ ನೋಡಿದ. ಸಾಂತವ್ವ ಅವನನ್ನು ನೋಡುತ್ತಿರಲಿಲ್ಲ. ಗಿಡದ ಕುಡಿಗಳನ್ನು ನೋಡುತ್ತಿದ್ದಳು.

ಕರಡಿಯ ಮುಂದೆ ಕೂತು ಆಡಿಸಿದ ತನ್ನದೇ ಬೆರಳುಗಳು ದುಗ್ಗನಿಗೆ ನೆನಪಾದವು. ಕೊಡ ಹೆಗಲ ಮೇಲೆ ಭಾರವಾಯಿತು.

"ಅತ್ತೆ" ಅಂದ. "ಅವಳು ಸುಣ್ಣ ಕೇಳ್ತಿರಲಿಲ್ಲ ಅಲ್ವಾ?"

ಪುಟ್ಟೀರವ್ವ ಒಳಬಾಗಿಲಲ್ಲಿ ನಿಂತಿದ್ದಳು.

"ಇಲ್ಲ ಕಣಪ್ಪ. ಕುಡಿ ಚಿವುಟಿ ಅಂತಿದ್ಲು."

"ನಿಮಗೆ ಗೊತ್ತಿತ್ತಾ?"

"ಕಲಿಸಿದವಳು ನಾನು, ಗೊತ್ತಿರಲ್ವಾ? ಹೇಳಬೇಕು ಅಂತ ದಿನಾ ಬಾಯಿಗೆ ಬರ್ತಿತ್ತು. ಹೇಳಿದ್ರೆ ಹೂ ಆಗುತ್ತೆ, ಹೂವಾದ್ರೆ ಅವಳು ಹೋಗ್ತಾಳೆ. ಇನ್ನೊಂದು ದಿನ ಕೂತಿರಲಿ ಅನ್ನಿಸ್ತು. ಇನ್ನೊಂದು ದಿನ, ಇನ್ನೊಂದು ದಿನ." ಮುದುಕಿ ಹೊಸ್ತಿಲ ಕಡೆ ನೋಡಿದಳು. "ನೀನು ಎಲೆ ಮಡಿಸಿ ಇಡ್ತಿದ್ದೆ. ನಾನು ನೋಡ್ಕೊಂಡು ಸುಮ್ಮನಿದ್ದೆ."

ದುಗ್ಗ ಕೊಡ ಇಳಿಸಿದ.

"ನೀವು ಚಿವುಟಿ, ಅತ್ತೆ. ನನ್ನದು ಸುಣ್ಣದ ಕೈ."

"ಬಿತ್ತಿದವರೇ ಚಿವುಟಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ. ಬಾ."

ಆ ವರ್ಷ ಮೊದಲ ಸಲ ಪುಟ್ಟೀರವ್ವ ಹಿತ್ತಿಲಿಗೆ ಇಳಿದಳು. ಗಿಡದ ಹತ್ತಿರ ಕೂತಳು. ದುಗ್ಗ ತುದಿಯ ಕುಡಿಯನ್ನು ಬಗ್ಗಿಸಿ ಹಿಡಿದ. ಹೆಬ್ಬೆರಳು, ತೋರುಬೆರಳು. ಚಿಟ್ ಅಂತ ಶಬ್ದ ಬಂತು.

ಚೆಂಡುಹೂ ಗಿಡದ ವಾಸನೆ ಹೂವಲ್ಲಿ ಮಾತ್ರ ಇರೋದಿಲ್ಲ. ಎಲೆಯಲ್ಲೂ ಇರುತ್ತದೆ. ಮುರಿದಾಗ ಮಾತ್ರ ಹೊರಗೆ ಬರುತ್ತದೆ. ಆ ಘಾಟು ವಾಸನೆ ದುಗ್ಗನ ಮೂಗಿಗೆ ಬಡಿಯಿತು. ಸಾಂತವ್ವ ಸಂಜೆ ಪಕ್ಕದಲ್ಲಿ ಬಂದು ಕೂತಾಗ ಅವಳ ಕೈಯಿಂದ ಬರುತ್ತಿದ್ದ ವಾಸನೆ. ದುಗ್ಗ ಆಗ ಅತ್ತ. ಅವಳು ಹೋದ ದಿನವೂ ಅವನು ಅತ್ತಿರಲಿಲ್ಲ. ಅಳುತ್ತಲೇ ಇನ್ನೊಂದು ಕುಡಿ ಚಿವುಟಿದ. ಮತ್ತೊಂದು. ಹೊತ್ತು ಮುಳುಗುವುದರೊಳಗೆ ಎಲ್ಲ ಕುಡಿಗಳೂ ಅವನ ಕಾಲಬುಡದಲ್ಲಿ ಬಿದ್ದಿದ್ದವು.

"ಇನ್ನು ನೀರು ಬೇಡ" ಅಂದಳು ಪುಟ್ಟೀರವ್ವ.

"ಒಣಗಿದ್ರೆ?"

"ಬಾಯಾರಲಿ. ಬಾಯಾರಿದ ಗಿಡಕ್ಕೇ ಹೂವಿನ ನೆನಪಾಗೋದು."

ಕಾಯುವುದು ಶುರುವಾಯಿತು. ಹಾವಿಗಿಂತ, ಕೊಕ್ಕರೆಗಿಂತ, ಕರಡಿಗಿಂತ ಅದು ಕಷ್ಟವಾಗಿರಲಿಲ್ಲ ಅಂತ ಯಾರು ಹೇಳಿಯಾರು? ಮಧ್ಯಾಹ್ನದ ಬಿಸಿಲಿಗೆ ಗಿಡ ತಲೆಬಾಗಿಸುತ್ತಿತ್ತು. ದುಗ್ಗ ಕೊಡ ಹಿಡಿದು ಏಳುತ್ತಿದ್ದ. ಮತ್ತೆ ಕೂರುತ್ತಿದ್ದ.

"ಪಾಪ, ಸಾಯ್ತಿದೆ ನೋಡು" ಅನ್ನುತ್ತಿದ್ದ ಜಗಲಿಯಿಂದ ಬೂದಿಗಣ್ಣ. "ಒಂದು ತಂಬಿಗೆ ಹುಯ್ಯಿ. ಒಂದೇ ತಂಬಿಗೆ."

"ಒಲೆಬೂದಿಗೆ ಹೂವಿನ ವಿಚಾರ ಯಾಕೆ? ಸುಮ್ಮನಿರೋ" ಅನ್ನುತ್ತಿದ್ದಳು ಪುಟ್ಟೀರವ್ವ.

ಚಿವುಟಿದ ಕಡೆಯೆಲ್ಲ ಎರಡೆರಡು ಕವಲು ಒಡೆದವು. ಕವಲಿನ ತುದಿಯಲ್ಲಿ ಹಸಿರು ಗುಂಡಿಯಂಥ ಮೊಗ್ಗು ಕಂಡವು. ಬೂದಿಗಣ್ಣ ಬೆಕ್ಕಿನಷ್ಟಾದ. ಒಂದು ಸಂಜೆ ಗಾಳಿ ಬೀಸಿ ಒಂದು ಮೊಗ್ಗು ಸಡಿಲವಾಯಿತು. ಮುಂಜಾನೆ ಇಬ್ಬನಿ ಬಿದ್ದು ಅದು ಬಿಚ್ಚಿತು. ಬಿಸಿಲೇರುವಾಗ ಒಂದು ಜೇನ್ನೊಣ ಬಂದು ಕೂತಿತು. ಅರಿಶಿನದ ಬಣ್ಣದ ಹೂ, ಅಂಗೈ ತುಂಬುವಷ್ಟು.

ಹೊಸ್ತಿಲ ಮೇಲೆ ಸಾಂತವ್ವನಿಗೆ ಭುಜ ಬಂತು, ಕೈ ಬಂತು, ಪಾದ ಬಂತು. ಜ್ವರ ಬರುವ ಮುಂಚೆ ಹೇಗಿದ್ದಳೋ ಹಾಗೆ ಕೂತಿದ್ದಳು. ಗಿಡವನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಸುಣ್ಣದ ಕೈಯಲ್ಲಿ ಇಷ್ಟಾಯಿತಲ್ಲ ಅನ್ನುವ ಹಾಗೆ ಹುಬ್ಬು ಹಾರಿಸಿದಳು.

"ಬೇಡ!" ಅಂದ ಬೂದಿಗಣ್ಣ. ಅದು ಸೊಳ್ಳೆಯ ದನಿಯಷ್ಟೇ ಕೇಳಿಸಿತು.

ದುಗ್ಗ ಹೂ ಕಿತ್ತುಕೊಂಡು ಕೆರೆಗೆ ಹೋದ. ದಡದಲ್ಲಿ ಅರಸ ಚೆಂಗರಸ ಒಬ್ಬನೇ ಕೂತಿದ್ದ. ಗಡ್ಡ ಬೆಳೆದಿತ್ತು. ದುಗ್ಗ ಬಗ್ಗಿ ಹೂವನ್ನು ನೀರಿಗೆ ಬಿಟ್ಟ. ಬೆರಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಿಟ್ಟವು.

ಹೂ ಹೋಯಿತು. ಮೆಲ್ಲಗೆ ಹೋಯಿತು. ಬೆನ್ನ ಹಿಂದೆ ಯಾರೋ ನಡೆದು ಬಂದ ಹಾಗಾಯಿತು. ಚೆಂಡೆಲೆಯ ವಾಸನೆ ಬಂತು. ಸೊಂಟದ ಹತ್ತಿರ ಏನೋ ತಾಗಿದ ಹಾಗಾಯಿತು. ದುಗ್ಗ ತಿರುಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಒಂದು ಸಣ್ಣ ಅಲೆ ಆಚೆ ದಡದ ಕಡೆ ಹೋಗುತ್ತಿತ್ತು. ಹೂ ದಡ ಮುಟ್ಟಿತು.

ದುಗ್ಗ ಅರಸನ ಪಕ್ಕದಲ್ಲಿ ಕೂತ.

"ತಪ್ಪು ನನ್ನದು" ಅಂದ ಅರಸ. "ಹೂಂ ಅಂದವನು ನಾನು."

"ನೀವು ಬಾಯಲ್ಲಿ ಅಂದಿರಿ, ಬುದ್ಧಿ. ನಾನು ಕೊಡದಲ್ಲಿ ಅಂದೆ."

ಅರಸ ಮಡಿಲಿಂದ ಎರಡು ವೀಳ್ಯದೆಲೆ ತೆಗೆದ. "ಸುಣ್ಣ ಇದೆಯೇನಯ್ಯಾ?"

ದುಗ್ಗ ಸೊಂಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಬೆಳಗ್ಗೆ ತಾನೇ ಹೊಸ ಸುಣ್ಣ ತುಂಬಿ ನಯವಾಗಿ ಸವರಿದ್ದ. ಈಗ ಅದರ ನಡುವೆ ಒಂದು ಗುರುತಿತ್ತು. ಒಂದು ಬೆರಳ ತುದಿ ಸುಣ್ಣ ತೆಗೆದುಕೊಂಡು ಹೋಗಿತ್ತು. ಕೇಳದೆಯೇ.

ದುಗ್ಗ ಅದನ್ನು ನೋಡಿದ. ಮುಚ್ಚಳ ಹಾಕಿ ಹಾಗೇ ಇಟ್ಟುಕೊಂಡುಬಿಡಲೇ ಅನ್ನಿಸಿತು. ಆಮೇಲೆ ಆ ಗುರುತಿನ ಮೇಲೇ ಬೆರಳಿಟ್ಟು ಸುಣ್ಣ ತೆಗೆದ. ಅರಸನ ಎಲೆಗೆ ಹಚ್ಚಿದ. ತನ್ನ ಎಲೆಗೂ ಹಚ್ಚಿದ. ಎಲೆ ಜಗಿಯುತ್ತಿರುವಾಗ ಮೊದಲ ಹನಿ ಬಿತ್ತು.

ಮನೆಯಲ್ಲಿ ಪುಟ್ಟೀರವ್ವ ಜಗಲಿ ಗುಡಿಸುತ್ತಿದ್ದಳು. ಬೂದಿಗಣ್ಣ ಕೂತಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಇತ್ತು, ಅಷ್ಟೇ. ಅವಳು ಅದನ್ನು ಮೊರಕ್ಕೆ ಬಳಿದು ಚೆಂಡುಹೂ ಗಿಡದ ಬುಡಕ್ಕೆ ಹಾಕಿದಳು. "ಬೂದಿ ಗಿಡಕ್ಕೆ ಒಳ್ಳೇದು" ಅಂದಳು. ಮಳೆ ಅದನ್ನು ಮಣ್ಣಿಗೆ ಇಳಿಸಿತು.

ಆ ಗಿಡ ಆಮೇಲೆ ಬಿಟ್ಟ ಹೂವಿಗೆ ಲೆಕ್ಕವಿಲ್ಲ. ಒಣಗಿದ ಹೂಗಳನ್ನು ದುಗ್ಗ ಬಟ್ಟೆಯಲ್ಲಿ ಗಂಟು ಕಟ್ಟಿ ಊರಿಗೆಲ್ಲ ಹಂಚಿದ. ಅರಸನೂ ಒಂದು ಗಂಟು ಒಯ್ದ. ಆಗಾಗ ಸಂಜೆ ಬಂದು ದುಗ್ಗನ ಹಿತ್ತಿಲಲ್ಲಿ ಕೂತು ಕುಡಿ ಚಿವುಟುತ್ತಿದ್ದ. ಸರಿಯಾಗಿ ಚಿವುಟದಿದ್ದರೆ ಪುಟ್ಟೀರವ್ವ ಅರಸ ಅಂತ ನೋಡದೆ ಬೈಯುತ್ತಿದ್ದಳು. ಚಿಕ್ಕಣ್ಣ ಬೇಲಿಯಾಚೆಯಿಂದ ನಗುತ್ತಿದ್ದ. ದುಗ್ಗನೂ ನಗುತ್ತಿದ್ದ. ಹೂಗೆರೆಯಲ್ಲಿ ಅಲ್ಲಿಂದಾಚೆ ಬೇಸಿಗೆ ಬಂದಾಗಲೆಲ್ಲ ಹೋಯಿತು, ಮಳೆ ಹೊತ್ತಿಗೆ ಸರಿಯಾಗಿ ಬಂತು.

ಅವರು ಹೂ ಬಿಟ್ಟು ಸುಖವಾಗಿದ್ದರು. ನಾವು ಬೀಜ ಹಿಡಿದು ಕೂತಿದ್ದೇವೆ. ಬಿತ್ತೋಣ.